ಪಟ್ಟಿ ಹಾಕಿಸಿದ್ರೆ ಶಾಕ್ ಸರಿಹೋಗಲ್ಲ

ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಹಳೇ ಸುಮೋ, ಬೊಲೆರೊ, ಕ್ವಾಲಿಸ್‌ಗಳ ಹಿಂದಿನ ಶಾಕ್ ಅಬ್ಸಾರ್ಬರ್ ಬದಲಿಸೋದು ಸೊಂಟ ನೋವಿಗೆ ಮಾಡೋ ಖರ್ಚಲ್ಲ, ಬ್ರೇಕ್‌ಗೆ ಮಾಡೋ ಖರ್ಚು. ಆದ್ರೆ ನಮ್ಮ ಕಡೆ ರಿಪೇರಿ ಲಿಸ್ಟ್‌ನಲ್ಲಿ ಅದು ಯಾವಾಗಲೂ ಕೊನೇದು.

ನಮ್ಮ ಕಡೆ ಅಂದ್ರೆ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಶಾಸನಗಳಲ್ಲಿ ಕೋಗಳಿ ನಾಡು ಅಂತ ಬರೋ ಸೀಮೆ ಇದು. ಈಗ ವಿಜಯನಗರ ಜಿಲ್ಲೆ. ಇಲ್ಲಿ ಎಸ್‌ಯುವಿ ಅಂದ್ರೆ ವೀಕೆಂಡ್ ಟ್ರಿಪ್ ಗಾಡಿ ಅಲ್ಲ. ಮದುವೆ ದಿಬ್ಬಣಕ್ಕೂ ಅದೇ, ಆಸ್ಪತ್ರೆಗೂ ಅದೇ, ಮೈಲಾರದ ಕಾರ್ಣಿಕಕ್ಕೂ ಅದೇ, ಈರುಳ್ಳಿ ಚೀಲಕ್ಕೂ ಅದೇ. ಟಾಟಾ ಸುಮೋ ಬಂದಿದ್ದು 1994ರಲ್ಲಿ, ತಯಾರಿಕೆ ನಿಂತಿದ್ದು 2019ರಲ್ಲಿ. ನಮ್ಮೂರುಗಳಲ್ಲಿ ಅದಿನ್ನೂ ನಿಂತಿಲ್ಲ.

ರಸ್ತೆನೂ ಸುಲಭದ್ದಲ್ಲ. ಹಡಗಲಿ ಕಡೆ ಎರೆ ಭೂಮಿ. ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೇಲಿ ಬಿರುಕು ಬಿಡುತ್ತೆ. ಅದರ ಮೇಲಿನ ಡಾಂಬರು ಅಲೆ ಅಲೆಯಾಗೋದು ಯಾಕೆ ಅಂತ ಸಿವಿಲ್‌ನವರನ್ನ ಕೇಳಿ. ಗುಂಡಿ ಒಂದು ಏಟು ಕೊಟ್ಟು ಸುಮ್ಮನಾಗುತ್ತೆ, ಅಲೆ ಗಾಡೀನ ಕುಣಿಸ್ತಾನೇ ಇರುತ್ತೆ. ಅದೇ ಗಾಡಿ ಕೂಡ್ಲಿಗಿ ಹತ್ರ ರಾಷ್ಟ್ರೀಯ ಹೆದ್ದಾರಿ 50ಕ್ಕೆ ಹತ್ತಿದ ಮೇಲೆ ಸ್ಪೀಡ್ ಎರಡರಷ್ಟಾಗುತ್ತೆ. ನುಣ್ಣನೆ ರಸ್ತೇಲಿ ಸವೆದ ಶಾಕ್ ಗೊತ್ತಾಗಲ್ಲ. ಎದುರಿಗೆ ಟ್ರ್ಯಾಕ್ಟರ್ ಬಂದು ಬ್ರೇಕ್ ಒತ್ತಿ ಸ್ಟೀರಿಂಗ್ ತಿರುಗಿಸಿದಾಗಲೇ ಗೊತ್ತಾಗೋದು. ಟೈರ್ ನೆಲದ ಮೇಲೆ ಒತ್ತಿ ಕೂತಿದ್ರೆ ತಾನೇ ಬ್ರೇಕ್ ಹಿಡಿಯೋದು? ಪುಟಿಯೋ ಟೈರ್‌ಗೆ ಎಂಥ ಬ್ರೇಕ್ ಇದ್ರೂ ಅಷ್ಟಕ್ಕಷ್ಟೇ.

ಹಿಂಭಾಗ ಕುಸಿದಂಗೆ ಕಂಡ್ರೆ ಎಲ್ಲರೂ ಹೇಳೋ ಪರಿಹಾರ ಒಂದೇ: ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಪಟ್ಟಿ ಹಾಕ್ಸು. ಗಾಡಿ ಎತ್ತರ ನಿಲ್ಲುತ್ತೆ, ಲೋಡ್ ತಡೆಯುತ್ತೆ, ಎಲ್ಲರಿಗೂ ಖುಷಿ. ನಮ್ಮ ತಕರಾರು ಇಲ್ಲೇ ಇರೋದು.

ಮ್ಯಾಥ್ಸ್‌ನಲ್ಲಿ ಮಾಸ್, ಸ್ಪ್ರಿಂಗ್, ಡ್ಯಾಂಪರ್ ಲೆಕ್ಕ ಎಲ್ಲಾ ಬ್ರಾಂಚ್‌ನವರೂ ಮಾಡಿದ್ದೀವಿ. ಇಸಿಯವರಿಗೆ ಅದೇ ಎಲ್‌ಸಿಆರ್ ಸರ್ಕ್ಯೂಟ್, ಶಾಕ್ ಅಂದ್ರೆ ಅಲ್ಲಿನ ರೆಸಿಸ್ಟರ್. ಡ್ಯಾಂಪಿಂಗ್ ರೇಶಿಯೊ ಅಂದ್ರೆ ಸಿ ಬೈ 2 ರೂಟ್ ಕೆ-ಎಂ. ಸ್ಪ್ರಿಂಗ್ ಬಿಗಿ ಮಾಡಿದ್ರೆ ಕೆ ಏರುತ್ತೆ, ಜನ ತುಂಬಿದ್ರೆ ಎಂ ಏರುತ್ತೆ. ಎರಡೂ ಛೇದದಲ್ಲಿವೆ, ರೇಶಿಯೊ ಇಳಿಯುತ್ತೆ.

ಒಂದು ಉದಾಹರಣೆ ಲೆಕ್ಕ. ಹೊಸ ಶಾಕ್ ಇದ್ದಾಗ ರೇಶಿಯೊ 0.3 ಅಂತಿಟ್ಕೊಳ್ಳಿ. ಪಟ್ಟಿ ಸೇರಿಸಿ ಕೆ ಶೇ 44 ಜಾಸ್ತಿಯಾದ್ರೆ ಅದು 0.25. ಹಿಂದಿನ ಭಾರವೂ ಶೇ 44 ಏರಿದ್ರೆ ಸುಮಾರು 0.21. ಶಾಕ್ ಸವೆದು ಅರ್ಧ ಶಕ್ತಿ ಮಾತ್ರ ಉಳಿದಿದ್ರೆ ಸುಮಾರು 0.1. 0.3 ಇದ್ದಾಗ ಒಂದು ಕುಣಿತ ಮುಗಿಯೋವಷ್ಟರಲ್ಲಿ ಏರಿಳಿತದ ಶೇ 14ರಷ್ಟು ಮಾತ್ರ ಉಳಿಯುತ್ತೆ. 0.1ಕ್ಕೆ ಬಂದ್ರೆ ಶೇ 53 ಉಳಿಯುತ್ತೆ. ಮೊದಲ ಅಲೆಯ ಕುಣಿತ ನಿಲ್ಲೋ ಮೊದಲೇ ಎರಡನೇ ಅಲೆ ಬಂದಿರುತ್ತೆ.

ಪಟ್ಟಿಗಳು ಒಂದಕ್ಕೊಂದು ಉಜ್ಜಿದಾಗ ಡ್ಯಾಂಪಿಂಗ್ ಸಿಗಲ್ವಾ ಅಂತ ಮೆಕ್ಯಾನಿಕಲ್‌ನವರು ಕೇಳಬಹುದು. ಸಿಗುತ್ತೆ. ಆದ್ರೆ ಆ ಘರ್ಷಣೆ ಕುಣಿತದ ವೇಗಕ್ಕೆ ತಕ್ಕಂತೆ ಏರಲ್ಲ. ಸಣ್ಣ ಅಲುಗಾಟಕ್ಕೆ ಸಾಕು, ದೊಡ್ಡ ಕುಣಿತಕ್ಕೆ ಸಾಲಲ್ಲ. ಬಾನೆಟ್ಟೋ ಬಂಪರ್ರೋ ಕೈಯಲ್ಲಿ ಒತ್ತಿ ನೋಡೋ ಟೆಸ್ಟ್ ಇಂಥ ಗಾಡಿಗಳಲ್ಲಿ ಮೋಸ ಮಾಡೋದೂ ಈ ಘರ್ಷಣೆಯಿಂದಲೇ.

ಹಾಗಾದ್ರೆ ಏನು ನೋಡಬೇಕು? ಶಾಕ್ ಮೈಮೇಲೆ ಎಣ್ಣೆ ಇಳಿದಿದೆಯಾ, ಬುಶ್ ರಬ್ಬರ್ ಹರಿದಿದೆಯಾ, ಟೈರ್ ಅಲ್ಲಲ್ಲಿ ಹಳ್ಳ ಬಿದ್ದಂಗೆ ಸವೆದಿದೆಯಾ. ಇದ್ರೆ ಎರಡೂ ಕಡೆ ಒಟ್ಟಿಗೆ ಬದಲಿಸಬೇಕು. ಒಂದೇ ಕಡೆ ಹೊಸದು ಹಾಕಿದ್ರೆ ಹಿಂದಿನ ಎರಡು ಚಕ್ರ ಎರಡು ಥರ ನಡ್ಕೊಳ್ಳುತ್ತೆ. ಶಾಕ್ ಬಿಚ್ಚೋ ಮೊದಲು ಆಕ್ಸಲ್‌ಗೆ ಕೆಳಗಿಂದ ಸ್ಟ್ಯಾಂಡ್ ಕೊಡಬೇಕು, ಇಲ್ಲಾಂದ್ರೆ ಆಕ್ಸಲ್ ಜೋತು ಬಿದ್ದು ಬ್ರೇಕ್ ಹೋಸ್ ಎಳೆಯುತ್ತೆ. ಬುಶ್ ಬೋಲ್ಟ್‌ಗಳನ್ನ ಕೊನೇ ಬಿಗಿ ಮಾಡೋದು ಗಾಡಿ ತನ್ನ ಭಾರದಲ್ಲಿ ನಿಂತ ಮೇಲೆ. ಎತ್ತಿದಾಗಲೇ ಬಿಗಿ ಮಾಡಿದ್ರೆ ಇಳಿಸಿದಾಗ ರಬ್ಬರ್ ತಿರುಚಿಕೊಂಡು ಬೇಗ ಹರಿಯುತ್ತೆ. ತುಕ್ಕು ಹಿಡಿದ ಬೋಲ್ಟ್ ಅಂತ ಗ್ಯಾಸ್ ತುಂಬಿದ ಶಾಕ್ ಹತ್ರ ಬೆಂಕಿ ಹಿಡಿಯೋದಂತೂ ಬೇಡವೇ ಬೇಡ.

ಸ್ಟೀರಿಂಗ್ ಡ್ಯಾಂಪರ್ ಇರೋ ಗಾಡಿಗಳಲ್ಲಿ ತಪ್ಪು ಉಲ್ಟಾ ನಡೆಯುತ್ತೆ. ಸ್ಟೀರಿಂಗ್ ನಡುಗಿದ್ರೆ ಸೀದಾ ಹೊಸ ಡ್ಯಾಂಪರ್ ಹಾಕಿಬಿಡ್ತಾರೆ. ನಡುಕಕ್ಕೆ ಕಾರಣ ಸವೆದ ಟೈ ರಾಡ್ ಎಂಡೋ ವೀಲ್ ಬೇರಿಂಗೋ ಆಗಿದ್ರೆ ಡ್ಯಾಂಪರ್ ಅದನ್ನ ಸ್ವಲ್ಪ ದಿನ ಮುಚ್ಚಿಡುತ್ತೆ ಅಷ್ಟೇ. ಮೊದಲು ಅವನ್ನ ನೋಡಿಸಿ, ಆಮೇಲೆ ಡ್ಯಾಂಪರ್.

ದುಡ್ಡಿನ ಮಾತು ನಮಗೂ ಅರ್ಥ ಆಗುತ್ತೆ. ಮಳೆ ನಂಬಿದ ಮನೆಗಳಲ್ಲಿ ಓಡ್ತಿರೋ ಗಾಡಿಗೆ ಯಾರೂ ಸುಮ್ಮನೆ ಖರ್ಚು ಮಾಡಲ್ಲ. ಖಾಸಗಿ ಗಾಡಿಯ ರಿಜಿಸ್ಟ್ರೇಷನ್ 15 ವರ್ಷಕ್ಕೆ ಇರುತ್ತೆ. ಅಷ್ಟು ದಿನ ಹೊಗೆ ಸರ್ಟಿಫಿಕೇಟ್ ಕೇಳ್ತಾರೆ, ಶಾಕ್ ಹೆಂಗಿದೆ ಅಂತ ಯಾರೂ ಕೇಳಲ್ಲ. ಕೇಳಬೇಕಾದವರು ಮನೆಯವರೇ. ಅವರಿಗೆ ಹೇಳಬೇಕಾದವರು ನಾವು.

ನಮ್ಮಲ್ಲಿ ತುಂಬಾ ಜನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವರು. ಎಕ್ಸಾಮ್‌ನಲ್ಲಿ ಡ್ಯಾಂಪಿಂಗ್ ರೇಶಿಯೊ ಚೆನ್ನಾಗಿ ಬರೀತೀವಿ. ಅಪ್ಪಂಗೋ ಮಾಮಂಗೋ ಹೇಳೋಕೆ ಹೋದ್ರೆ ಮಾತು ಸಿಗಲ್ಲ. ಇಷ್ಟು ಹೇಳಿದ್ರೆ ಸಾಕು ಅಂತ ನಮಗನ್ನಿಸುತ್ತೆ: ಭಾರ ಹೊರೋದು ಸ್ಪ್ರಿಂಗ್, ಕುಣಿತ ನಿಲ್ಲಿಸೋದು ಶಾಕ್. ಒಂದರ ಕೆಲಸ ಇನ್ನೊಂದು ಮಾಡಲ್ಲ. ಭಾರತ ಹುಣ್ಣಿಮೆಗೆ ಮಂದಿ ತುಂಬ್ಕೊಂಡು ಮೈಲಾರಕ್ಕೆ ಹೊರಡೋ ಮೊದಲು ಈ ಮಾತು ಮನೆಗೆ ಮುಟ್ಟಿಸಿ.