ಕುದುರೆ ನಡೆಯ ಚೌಕ
ಚದುರಂಗದ ಹಾಸಿನ 64 ಮನೆಗಳಲ್ಲಿ ಕುದುರೆಯನ್ನು, ಯಾವ ಮನೆಗೂ ಎರಡನೇ ಸಲ ಕಾಲಿಡದಂತೆ ಓಡಿಸಿ, ಹೋದ ಕ್ರಮದಲ್ಲೇ 1ರಿಂದ 64ರವರೆಗೆ ಅಂಕಿ ತುಂಬುವ ಒಗಟು ಸುಡೊಕುವಿಗಿಂತ ಬಹಳ ಹಳೆಯದು. ಮೈಸೂರಿನ ಅರಸ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ (1794–1868) ಇದರ ಗೀಳೇ ಇತ್ತು. ನಿಯಮದಲ್ಲಿ ಗೊಂದಲ ಹುಟ್ಟುವುದು ಎರಡು ಕಡೆ. ನೆಟ್ಟಗೆ ಎರಡು ಮನೆ, ಪಕ್ಕಕ್ಕೆ ಒಂದು ಎಂಬ ನಡೆಯಲ್ಲಿ ಇಳಿದ ಮನೆಗಷ್ಟೇ ಅಂಕಿ, ದಾಟಿದವು ಲೆಕ್ಕಕ್ಕಿಲ್ಲ. 64ರಿಂದ ಒಂದೇ ನೆಗೆತಕ್ಕೆ 1ಕ್ಕೆ ಮರಳಲೇಬೇಕೆಂದೂ ಇಲ್ಲ; ಮರಳಿದರೆ ಅದು ಮುಚ್ಚಿದ ಸುತ್ತು. ಬಿಡಿಸುವವರು ಮೂಲೆಯತ್ತ ಮೊದಲು ನೋಡುವುದು ಜಾಣತನ: ನಡುಮನೆಗೆ ಎಂಟು ದಾರಿಯಿದ್ದರೆ ಮೂಲೆಮನೆಗೆ ಎರಡೇ, ಮುಚ್ಚಿದ ಸುತ್ತಿನಲ್ಲಿ ಅವೆರಡೂ ಬಳಕೆಯಾಗಲೇಬೇಕು. ನೆಗೆದಾಗಲೆಲ್ಲ ಮನೆಯ ಬಣ್ಣ ಬದಲಾಗುವುದರಿಂದ ಬೆಸ ಅಂಕಿಗಳೆಲ್ಲ ಒಂದೇ ಬಣ್ಣದಲ್ಲಿ ಕೂರುತ್ತವೆ. ತಪ್ಪು ಹಿಡಿಯಲು ಇದಕ್ಕಿಂತ ಸುಲಭದ ಪರೀಕ್ಷೆ ಬೇಡ. ಕೆಲವು ಅಪರೂಪದ ಸುತ್ತುಗಳಲ್ಲಿ ಪ್ರತಿ ಅಡ್ಡಸಾಲು, ಪ್ರತಿ ಉದ್ದಸಾಲು ಕೂಡಿದರೆ 260 ಬರುತ್ತದೆ. ಅವುಗಳ ಜೊತೆಗೆ ಎರಡು ಕರ್ಣಗಳೂ 260 ಆಗುವ ಸುತ್ತು 64 ಮನೆಗಳ ಹಾಸಿನಲ್ಲಿ ಇಲ್ಲವೇ ಇಲ್ಲವೆಂದು 2003ರಲ್ಲಿ ಕಂಪ್ಯೂಟರ್ ಹುಡುಕಾಟ ಖಚಿತಪಡಿಸಿತು.