ಕೆರೆದರೆ ನೋವು ಇಳೀಬಹುದು, ಬಲ ಬರಲ್ಲ



ಹೊಗೆಸೊಪ್ಪು ಮುರಿಯೋ ಕಾಲದಲ್ಲಿ ನಮ್ಮ ಹ್ಯಾಂಡ್‌ಪೋಸ್ಟ್, ಹುಣಸೂರು, ಪಿರಿಯಾಪಟ್ಟಣ ಕಡೆ ಸೊಂಟ ಹಿಡ್ಕೊಳ್ಳದ ಮನೆ ಇಲ್ಲ. ಬುಡದ ಎಲೆನ ಬಗ್ಗಿಯೇ ಮುರೀಬೇಕು. ಈಗ ಮೊಬೈಲ್ ತೆಗೆದರೆ ಸ್ಟೀಲ್ ಪಟ್ಟಿಲಿ ಬೆನ್ನು, ತೊಡೆ ಒತ್ತಿ ಕೆರೆಯೋ ವಿಡಿಯೋ. ನೋವೂ ಹೋಯ್ತದೆ, ಬಲವೂ ಬತ್ತದೆ ಅಂತಾರೆ. ಚೀನಾದ ಹಳೇ ‘ಗ್ವಾ ಶಾ’ ಪದ್ಧತಿಯೂ ಇದೇ ಥರದ್ದು.

ನನ್ನ ಪ್ರಕಾರ ಇದು ಅರ್ಧ ನಿಜ. ಎಣ್ಣೆ ಹಚ್ಚಿ ಹದವಾಗಿ ಕೆರೆದರೆ ಬಿಗಿ ಸಡಿಲವಾಗಿ, ಸ್ವಲ್ಪ ಹೊತ್ತು ಬಗ್ಗಿ ಏಳೋದು ಸಲೀಸಾಗಬಹುದು. ಬಲ ಮಾತ್ರ ಬರಲ್ಲ. ಮೈಸೂರಿನ ಗರಡಿ ಪೈಲ್ವಾನರನ್ನೇ ನೋಡಿ. ಮಾಲೀಸು ಅವರಿಗೂ ಇದೆ. ಆದರೆ ಮೈ ಗಟ್ಟಿಯಾಗೋದು ಸಾಮು, ಬಸ್ಕಿ, ಊಟ, ನಿದ್ದೆಯಿಂದ.

ಚರ್ಮ ಕೆಂಪಾದರೆ ‘ಕೆಟ್ಟ ರಕ್ತ ಹೊರಗೆ ಬಂತು’ ಅನ್ನೋದು ಸುಳ್ಳು. ಚರ್ಮದಡಿಯ ಸಣ್ಣ ರಕ್ತನಾಳ ಒಡೆದ ಗುರುತು ಅದು. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಕಾಲಿನ ನರ ಉಬ್ಬಿರೋರು, ಗಾಯ ಇರೋರು ಕೆರೆಸಲೇಬೇಡಿ. ಸಕ್ಕರೆ ಕಾಯಿಲೆಯೋರು ಡಾಕ್ಟರನ್ನ ಕೇಳದೆ ಮುಂದುವರೀಬೇಡಿ.

ನನ್ನ ಭಯ ಬೇರೆ. ನೋವು ಕಮ್ಮಿಯಾಯ್ತು ಅಂತ ಮಾರನೇ ದಿನ ಮತ್ತೆ ಅದೇ ಸಾಲಿಗೆ ಇಳೀತೀವಿ. ಸೊಂಟ ಸುಧಾರಿಸ್ಕೊಳ್ಳೋಕೆ ಬಿಡುವೇ ಇಲ್ಲ. ಕೆರೆಸೋಕೆ ಕೊಡೋ ದುಡ್ಡಿಗಿಂತ, ಮುರಿಯೋರೂ ಕಡ್ಡಿಗೆ ಸೊಪ್ಪು ಕಟ್ಟೋರೂ ಮಧ್ಯೆ ಮಧ್ಯೆ ಕೆಲಸ ಬದಲಾಯಿಸ್ಕೊಂಡರೆ ಲಾಭ ಜಾಸ್ತಿ. ಕಾಲಿಗೆ ಜೋಮು ಇಳಿದು ಬಲ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ, ಪಟ್ಟಿ ಪಕ್ಕಕ್ಕಿಟ್ಟು ಅವತ್ತೇ ಆಸ್ಪತ್ರೆಗೆ ಹೋಗಿ.

ಸೊಪ್ಪು ವರ್ಷ ವರ್ಷ ಬೆಳೀಬಹುದು. ಸೊಂಟ ಇರೋದು ಒಂದೇ.