ಮೊಬೈಲಿನಲ್ಲಿ ಕೂಡಿಟ್ಟ ಮನೆಮದ್ದು

ಸ್ವಸ್ಥನಾದವನ ಲಕ್ಷಣವನ್ನು ಹೇಳುವಾಗ ಸುಶ್ರುತಾಚಾರ್ಯರು ದೋಷ, ಅಗ್ನಿ, ಧಾತುಗಳ ಸಮತೆಯ ಜೊತೆಗೆ ಮಲಕ್ರಿಯೆಯ ಸಮತೆಯನ್ನೂ ಸೇರಿಸಿದ್ದಾರೆ. ಒಳಗೆ ಬಂದದ್ದರಲ್ಲಿ ಬೇಕಾದದ್ದು ಉಳಿದು ಬೇಡವಾದದ್ದು ಕಾಲಕಾಲಕ್ಕೆ ಹೊರಹೋಗದಿದ್ದರೆ ಉತ್ತಮ ಆಹಾರವೂ ರೋಗಕ್ಕೆ ಕಾರಣವಾಗುತ್ತದೆ. ವಾಗ್ಭಟಾಚಾರ್ಯರು ‘ಅಷ್ಟಾಂಗಹೃದಯ’ದಲ್ಲಿ ಹೊಟ್ಟೆಯನ್ನು ನಾಲ್ಕು ಭಾಗವೆಂದು ಭಾವಿಸಿ, ಎರಡನ್ನು ಗಟ್ಟಿ ಆಹಾರಕ್ಕೆ, ಒಂದನ್ನು ದ್ರವಕ್ಕೆ ಮೀಸಲಿಟ್ಟು, ಉಳಿದ ಒಂದನ್ನು ವಾಯುವಿನ ಸಂಚಾರಕ್ಕಾಗಿ ಬಿಡಬೇಕೆಂದು ವಿಧಿಸಿದ್ದಾರೆ. ಶರೀರಕ್ಕೆ ಹೇಳಿದ ಈ ನಿಯಮವನ್ನು ಈ ತಿಂಗಳು ನಾವು ಸದ್ಭಕ್ತರ ಕೈಯಲ್ಲಿರುವ ಮೊಬೈಲಿಗೆ ಅನ್ವಯಿಸಿ ಕೆಲವು ಮಾತು ಹೇಳಬಯಸುತ್ತೇವೆ.

ಆರೋಗ್ಯ ವಿಭಾಗದಲ್ಲಿ ಮೊಬೈಲಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಇಂದು ಬಹಳಷ್ಟು ಮನೆಗಳಲ್ಲಿ ವೈದ್ಯರ ಔಷಧಚೀಟಿ, ರಕ್ತಪರೀಕ್ಷೆಯ ವರದಿ, ಮನೆಮದ್ದಿನ ವಿವರ ಎಲ್ಲವೂ ಇರುವುದು ಮೊಬೈಲಿನೊಳಗೆ. ಹಿಂದೆ ಅಜ್ಜಿಯ ನೆನಪಿನಲ್ಲಿ, ಗೋಡೆಯ ಮೊಳೆಗೆ ತೂಗುಹಾಕಿದ ಚೀಲದಲ್ಲಿ ಇರುತ್ತಿದ್ದುದು ಈಗ ಅಲ್ಲಿ ಸೇರಿದೆ. ಆದುದರಿಂದ ಅದರೊಳಗೆ ಏನು ತುಂಬಿದೆ, ಯಾವುದು ಬೇಕಾದಾಗ ಸಿಗುತ್ತದೆ, ಯಾವುದು ಸಿಗುವುದಿಲ್ಲ ಎಂಬುದು ವೈದ್ಯನಿಗೂ ಸಂಬಂಧಿಸಿದ ವಿಷಯವಾಗಿದೆ.

ಮೊಬೈಲಿನ ಪರದೆಯ ಮೇಲೆ ಕಂಡದ್ದನ್ನು ಕಂಡಂತೆಯೇ ಚಿತ್ರವಾಗಿ ಉಳಿಸಿಕೊಳ್ಳುವುದಕ್ಕೆ ಸ್ಕ್ರೀನ್‌ಶಾಟ್ ಎನ್ನುತ್ತಾರೆ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಗುಂಡಿಯನ್ನೂ ಧ್ವನಿ ತಗ್ಗಿಸುವ ಗುಂಡಿಯನ್ನೂ ಒಟ್ಟಿಗೆ ಒತ್ತಿದರೆ ಕ್ಷಣಮಾತ್ರದಲ್ಲಿ ಈ ಕೆಲಸ ಮುಗಿಯುತ್ತದೆ. ಇಷ್ಟು ಸುಲಭವಾದದ್ದರಿಂದಲೇ ಇದು ಅಳತೆ ಮೀರಿ ಬೆಳೆಯುತ್ತದೆ. ಬಸ್ಸಿನ ಟಿಕೆಟ್ಟು, ಹಣ ಕಳುಹಿಸಿದ ರಸೀದಿ, ಮದುವೆಯ ಆಹ್ವಾನ, ಮೊಮ್ಮಗಳ ಪರೀಕ್ಷೆಯ ವೇಳಾಪಟ್ಟಿ, ಯಾರೋ ಹೇಳಿದ ಮಂಡಿನೋವಿನ ಎಣ್ಣೆ ಎಲ್ಲವೂ ಸಾಲಾಗಿ ಬಂದು ಕೂರುತ್ತವೆ. ಇವುಗಳಲ್ಲಿ ಹೆಚ್ಚಿನವುಗಳ ಆಯುಷ್ಯ ಒಂದೆರಡು ದಿನದ್ದು. ಪ್ರಯಾಣ ಮುಗಿದ ಮೇಲೆ ಟಿಕೆಟ್ಟಿನ ಚಿತ್ರಕ್ಕೆ ಕೆಲಸವಿಲ್ಲ. ಆದರೂ ಅದು ವರ್ಷಗಟ್ಟಲೆ ಅಲ್ಲಿಯೇ ಇರುತ್ತದೆ, ಏಕೆಂದರೆ ತೆಗೆಯುವುದಕ್ಕೆ ಒಂದು ಗುಂಡಿ ಸಾಕಾದರೂ ಅಳಿಸುವುದಕ್ಕೆ ವಿವೇಚನೆ ಬೇಕು.

ಒಂದು ಸ್ಕ್ರೀನ್‌ಶಾಟ್ ಸಾಮಾನ್ಯವಾಗಿ ಕೆಲವು ನೂರು ಕೆಬಿಯಿಂದ ಒಂದೆರಡು ಎಂಬಿಯಷ್ಟು ಜಾಗ ಹಿಡಿಯುತ್ತದೆ. ಸರಾಸರಿ 1 ಎಂಬಿ ಎಂದು ಹಿಡಿದರೂ 2,000 ಚಿತ್ರಗಳಿಗೆ ಸುಮಾರು 2 ಜಿಬಿ ಆಯಿತು. ವಿಡಿಯೋಗಳ ಭಾರದ ಮುಂದೆ ಇದು ಚಿಕ್ಕದೇ. ಆದರೆ 32 ಅಥವಾ 64 ಜಿಬಿಯ ಹಳೆಯ ಫೋನನ್ನು ಮಕ್ಕಳಿಂದ ಪಡೆದು ಬಳಸುವ ಹಿರಿಯರಿಗೆ ಇದು ಚಿಕ್ಕ ಭಾರವಲ್ಲ. ಫೋನಿನ ಸ್ವಂತ ವ್ಯವಸ್ಥೆಯೇ ಅದರಲ್ಲಿ ಒಂದು ಪಾಲನ್ನು ನುಂಗಿರುತ್ತದೆ. ಜಾಗ ಪೂರ್ತಿ ತುಂಬಿದಾಗ ಹೊಸ ಫೋಟೋ ತೆಗೆಯಲಾಗದು, ವಾಟ್ಸಾಪಿನಲ್ಲಿ ಬಂದ ಪ್ರಯೋಗಾಲಯದ ವರದಿ ತೆರೆದುಕೊಳ್ಳದು, ಸುರಕ್ಷತೆಗೆ ಬೇಕಾದ ಅಪ್‌ಡೇಟುಗಳು ಸೇರಿಕೊಳ್ಳವು. ಆಗ ಗಾಬರಿಯಿಂದ ಕೈಗೆ ಸಿಕ್ಕಿದ್ದನ್ನು ಅಳಿಸುತ್ತಾರೆ, ಅದರಲ್ಲಿ ಬೇಕಾದ ವರದಿಯೂ ಹೋಗುತ್ತದೆ. ಹೊಟ್ಟೆಯಲ್ಲಿ ಒಂದು ಭಾಗ ಬಿಡಬೇಕೆಂಬ ವಾಗ್ಭಟರ ವಿಧಿ ಇಲ್ಲಿಯೂ ಸಲ್ಲುತ್ತದೆ. ಚಲನೆಗೆ ಅವಕಾಶವಿಲ್ಲದ ಕಡೆ ಯಾವ ಕ್ರಿಯೆಯೂ ಸಾಗದು.

ಜಾಗದ ಪ್ರಶ್ನೆಗಿಂತ ನಮ್ಮನ್ನು ಹೆಚ್ಚು ಚಿಂತೆಗೀಡುಮಾಡಿರುವುದು ಆ ರಾಶಿಯೊಳಗಿನ ಔಷಧದ ಚಿತ್ರಗಳು. ಮನೆಮದ್ದಿನ ಸ್ಕ್ರೀನ್‌ಶಾಟಿಗೆ ಮೂರು ದೋಷಗಳಿವೆ. ಮೊದಲನೆಯದಾಗಿ, ಅದು ಪರದೆಯಲ್ಲಿ ಹಿಡಿದಷ್ಟನ್ನೇ ಉಳಿಸುತ್ತದೆ. ಮೇಲಿದ್ದ ಹೆಸರು, ಕೆಳಗಿದ್ದ ಎಚ್ಚರಿಕೆ ಕತ್ತರಿಸಿಹೋಗುತ್ತವೆ. ಎರಡನೆಯದಾಗಿ, ಬರೆದವರು ಯಾರು, ಯಾವಾಗ, ಯಾರಿಗಾಗಿ ಬರೆದರು ಎಂಬುದು ಅದರಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಮೂರನೆಯದಾಗಿ, ಅದು ತಿದ್ದುಪಡಿಗೆ ಒಳಪಡುವುದಿಲ್ಲ. ಬರೆದವರು ಮುಂದೆ ತಮ್ಮ ಬರಹವನ್ನು ಸರಿಪಡಿಸಿದರೂ ನಮ್ಮ ಮೊಬೈಲಿನಲ್ಲಿ ಹಳೆಯದೇ ಉಳಿದಿರುತ್ತದೆ. ದ್ರವ್ಯ ಒಂದೇ ಆದರೂ ರೋಗಿಯ ಬಲ, ವಯಸ್ಸು, ಅಗ್ನಿ, ಋತು, ಅನುಪಾನಗಳನ್ನು ನೋಡಿ ಪ್ರಮಾಣವನ್ನು ನಿಶ್ಚಯಿಸುವುದು ಆಯುರ್ವೇದದ ಕ್ರಮ. ಸ್ಕ್ರೀನ್‌ಶಾಟಿನಲ್ಲಿ ದ್ರವ್ಯದ ಹೆಸರು ಉಳಿಯುತ್ತದೆ, ಕ್ರಮ ಉಳಿಯುವುದಿಲ್ಲ.

ಇದು ಬರಿಯ ತರ್ಕವಲ್ಲ. ಬೆಳಗಿನ ಬರಿಹೊಟ್ಟೆಯಲ್ಲಿ ಸೋರೆಕಾಯಿಯ ರಸ ಕುಡಿದರೆ ಮಧುಮೇಹ, ಹೃದ್ರೋಗಗಳಿಗೆ ಹಿತ ಎಂಬ ಬರಹ ಅನೇಕರ ಮೊಬೈಲಿನಲ್ಲಿದೆ. ಕಹಿಯಾದ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷಕಾರಿ ಅಂಶ ಹೆಚ್ಚಿರುತ್ತದೆ. ಅಂತಹ ರಸ ಕುಡಿದವರಿಗೆ ತೀವ್ರ ವಾಂತಿ, ಭೇದಿ, ರಕ್ತಸ್ರಾವಗಳಾದುದುಂಟು, ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ತಜ್ಞರ ಸಮಿತಿಯು ಈ ವಿಷಯವನ್ನು ಪರಿಶೀಲಿಸಿ, ಕಹಿ ಇರುವ ರಸವನ್ನು ಕುಡಿಯಲೇಬಾರದೆಂದು ತಿಳಿಸಿದೆ. ತುಂಡೊಂದನ್ನು ಬಾಯಿಗಿಟ್ಟು ರುಚಿ ನೋಡಿ, ಕಹಿಯಿದ್ದರೆ ಎಸೆಯಿರಿ ಎಂಬ ಒಂದೇ ಸಾಲು ಜೀವ ಉಳಿಸುವ ಸಾಲು. ಪರದೆಯಿಂದ ಹೊರಗುಳಿಯುವುದು ಅನೇಕ ವೇಳೆ ಆ ಸಾಲೇ.

ಇನ್ನೊಂದು ಉದಾಹರಣೆ ಜ್ಯೇಷ್ಠಮಧು. 2020ರಲ್ಲಿ ಕೋವಿಡ್ ಹರಡಿದಾಗ ಬಗೆಬಗೆಯ ಕಷಾಯಗಳ ಪಾಠಗಳು ಮನೆಮನೆಗೆ ಹರಿದುಬಂದವು. ಅವುಗಳಲ್ಲಿ ಕೆಲವಕ್ಕೆ ಜ್ಯೇಷ್ಠಮಧು ಸೇರಿತ್ತು. ಗಂಟಲಿಗೆ ಅದು ಹಿತಕರವಾದ ಮೂಲಿಕೆ, ನಾವೂ ಅದನ್ನು ಬಳಸುತ್ತೇವೆ. ಆದರೆ ಹೆಚ್ಚು ಪ್ರಮಾಣದಲ್ಲಿ ದೀರ್ಘಕಾಲ ಸೇವಿಸಿದರೆ ದೇಹದಲ್ಲಿ ಉಪ್ಪು, ನೀರು ಉಳಿದು ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಕೆಲವು ದಿನಗಳಿಗೆಂದು ಬಂದ ಕಷಾಯವನ್ನು ರಕ್ತದೊತ್ತಡದ ರೋಗಿಯೊಬ್ಬರು ಹಳೆಯ ಚಿತ್ರವನ್ನು ನೋಡಿಕೊಂಡು ವರ್ಷಗಟ್ಟಲೆ ನಿತ್ಯ ಕುಡಿದರೆ, ಮಾತ್ರೆ ಒಂದು ಕಡೆ ಎಳೆಯುತ್ತದೆ, ಕಷಾಯ ಇನ್ನೊಂದು ಕಡೆ.

ಹಳೆಯ ಔಷಧಚೀಟಿಯ ಚಿತ್ರವಂತೂ ಇದಕ್ಕಿಂತಲೂ ಅಪಾಯಕರ. ಎರಡು ವರ್ಷದ ಹಿಂದಿನ ಚೀಟಿಯನ್ನು ಮೊಬೈಲಿನಲ್ಲಿ ತೋರಿಸಿ ಔಷಧದಂಗಡಿಯಲ್ಲಿ ಮಾತ್ರೆ ಪಡೆಯುವ ಅಭ್ಯಾಸ ಬೆಳೆದಿದೆ. ಈ ನಡುವೆ ವೈದ್ಯರು ಪ್ರಮಾಣವನ್ನು ಬದಲಿಸಿರಬಹುದು, ಮೂತ್ರಪಿಂಡದ ಸ್ಥಿತಿಯನ್ನು ನೋಡಿ ಒಂದು ಮಾತ್ರೆಯನ್ನೇ ನಿಲ್ಲಿಸಿರಬಹುದು. ಹಳೆಯದೂ ಹೊಸದೂ ಒಂದೇ ರಾಶಿಯಲ್ಲಿ ಕಲೆತಾಗ, ಕನ್ನಡಕವಿಲ್ಲದ ಕಣ್ಣಿಗೆ ಎರಡೂ ಒಂದೇ.

ಚಿಕಿತ್ಸಾಲಯದಲ್ಲಿ ನಾವು ಮೇಲಿಂದ ಮೇಲೆ ಕಾಣುವ ನೋಟವೊಂದಿದೆ. ಕಳೆದ ಬಾರಿಯ ರಕ್ತಪರೀಕ್ಷೆಯಲ್ಲಿ ಸಕ್ಕರೆ ಎಷ್ಟಿತ್ತು ಎಂದು ಕೇಳುತ್ತೇವೆ. ‘ಮೊಬೈಲಿನಲ್ಲಿ ಇದೆ ಡಾಕ್ಟರೇ’ ಎಂದು ಹಿರಿಯರು ಜೇಬಿಗೆ ಕೈಹಾಕುತ್ತಾರೆ. ಶುಭೋದಯದ ಚಿತ್ರಗಳು, ಜಾತ್ರೆಯ ರಥ, ಚಿನ್ನದ ಬೆಲೆ, ಅಡಕೆಯ ಧಾರಣೆ, ಬಾಳೆದಿಂಡಿನ ಪಲ್ಯದ ವಿಧಾನ ಎಲ್ಲವೂ ಸರಿದುಹೋಗುತ್ತವೆ, ವರದಿ ಮಾತ್ರ ಬರುವುದಿಲ್ಲ. ಕೊನೆಗೆ ‘ಮಗನನ್ನು ಕೇಳಿ ಹೇಳುತ್ತೇನೆ’ ಎಂದು ಮೊಬೈಲನ್ನು ಒಳಗಿಡುತ್ತಾರೆ. ಹೊರರೋಗಿಗಳ ಕೋಣೆಯಲ್ಲಿ ಇದರಿಂದ ಹತ್ತು ನಿಮಿಷ ವ್ಯರ್ಥವಾಗುತ್ತದೆ, ಅಷ್ಟೇ. ರಾತ್ರಿ ಎದೆನೋವೆಂದು ಬೇರೆ ಊರಿನ ಆಸ್ಪತ್ರೆಗೆ ಒಯ್ದಾಗ, ಯಾವ ಮಾತ್ರೆ ನಡೆಯುತ್ತಿದೆ, ಯಾವ ಔಷಧ ಒಗ್ಗುವುದಿಲ್ಲ ಎಂಬ ವಿವರ ಆ ರಾಶಿಯಲ್ಲಿ ಹುದುಗಿದ್ದರೆ ಅದರ ಬೆಲೆ ಬೇರೆ.

ಅಜೀರ್ಣವಾದ ಆಹಾರವು ಆಮವಾಗಿ ಸ್ರೋತಸ್ಸುಗಳನ್ನು ತಡೆಯುತ್ತದೆ ಎನ್ನುತ್ತದೆ ನಮ್ಮ ಶಾಸ್ತ್ರ. ಓದದೆ ಕೂಡಿಟ್ಟ ಹಿತವಚನವೂ ಹಾಗೆಯೇ. ನಡಿಗೆಯ ಲಾಭಗಳ ಬಗ್ಗೆ ಹತ್ತು ಚಿತ್ರ ಉಳಿಸಿಕೊಂಡವರು ನಡೆಯಲು ಆರಂಭಿಸಿದ್ದಾರೆಂದು ಅರ್ಥವಲ್ಲ. ಉಳಿಸಿಕೊಂಡೆ ಎಂಬ ಸಮಾಧಾನವೇ ಆಚರಣೆಯ ಜಾಗವನ್ನು ಆಕ್ರಮಿಸುತ್ತದೆ. ಆದುದರಿಂದ ಮನೆಮದ್ದಿನ ವಿಷಯದಲ್ಲಿ ನಮ್ಮ ಅಭಿಪ್ರಾಯ ಸ್ಪಷ್ಟವಾಗಿದೆ: ಮೂಲ ತಿಳಿಯದ, ದಿನಾಂಕವಿಲ್ಲದ, ಪ್ರಮಾಣ ಹೇಳದ ಔಷಧದ ಚಿತ್ರಗಳನ್ನೆಲ್ಲ ಅಳಿಸಬೇಕು. ಯಾವುದಾದರೊಂದು ನಿಜಕ್ಕೂ ಉಪಯುಕ್ತವೆನಿಸಿದರೆ ಅದನ್ನು ನಿಮ್ಮ ವೈದ್ಯರಿಗೆ ತೋರಿಸಿ, ಅವರು ಒಪ್ಪಿದರೆ ಪ್ರಮಾಣಸಹಿತ ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡು, ಅನಂತರ ಚಿತ್ರವನ್ನು ಅಳಿಸಿರಿ. ಬರೆಯುವಷ್ಟು ಶ್ರಮಕ್ಕೆ ಅರ್ಹವಲ್ಲದ್ದು ಉಳಿಸಲೂ ಅರ್ಹವಲ್ಲ.

ಹೆಚ್ಚು ಸಾಮರ್ಥ್ಯದ ಫೋನು ಕೊಂಡರಾಯಿತು, ಇಲ್ಲವೇ ಆನ್‌ಲೈನಿನಲ್ಲಿ ಇಟ್ಟರಾಯಿತು ಎನ್ನುವವರಿದ್ದಾರೆ. ಗೂಗಲ್ ಖಾತೆಯೊಂದಕ್ಕೆ ಉಚಿತವಾಗಿ ದೊರೆಯುವುದು 15 ಜಿಬಿ. ಇಮೇಲು, ಡ್ರೈವ್, ಫೋಟೋಸ್ ಮೂರೂ ಅದನ್ನೇ ಹಂಚಿಕೊಳ್ಳುತ್ತವೆ. 2021ರ ಜೂನ್ 1ರಿಂದ ಹೊಸದಾಗಿ ಸೇರಿಸುವ ಫೋಟೋಗಳೆಲ್ಲ ಈ ಲೆಕ್ಕಕ್ಕೆ ಬರುತ್ತಿವೆ. ಅದು ತುಂಬಿದ ಮೇಲೆ ತಿಂಗಳು ತಿಂಗಳು ಹಣ ತೆರಬೇಕು. ಜೊಳ್ಳನ್ನು ತೂರದೆ ಕಣಜವನ್ನು ಹಿಗ್ಗಿಸುವ ರೈತನಿಲ್ಲ. ಕೆಲವು ಹಿರಿಯರಿಗೆ ಬೇರೊಂದು ಸಂಕೋಚವಿದೆ. ದೇವರ, ಗುರುಗಳ ಚಿತ್ರವನ್ನು ಅಳಿಸಿದರೆ ದೋಷ ತಟ್ಟೀತೇ ಎಂದು ಅಳುಕುತ್ತಾರೆ. ಒಂದು ಚಿತ್ರವನ್ನು ಗೌರವದಿಂದ ಇಟ್ಟುಕೊಂಡು, ಮರಳಿ ಮರಳಿ ಬಂದ ಪ್ರತಿಗಳನ್ನು ತೆಗೆಯುವುದರಲ್ಲಿ ಅಗೌರವವೇನೂ ಇಲ್ಲ.

ಇನ್ನು ಮಾಡುವ ಕ್ರಮ. ಗ್ಯಾಲರಿ ಅಥವಾ ಗೂಗಲ್ ಫೋಟೋಸ್ ತೆರೆದರೆ ‘ಸ್ಕ್ರೀನ್‌ಶಾಟ್ಸ್’ ಎಂಬ ಪ್ರತ್ಯೇಕ ಆಲ್ಬಮ್ ಇರುತ್ತದೆ. ಐಫೋನಿನ ಫೋಟೋಸ್‌ನಲ್ಲಿಯೂ ಇದೆ. ಅಳಿಸುವ ಮೊದಲು ವೈದ್ಯಕೀಯ ವರದಿ, ಇತ್ತೀಚಿನ ಔಷಧಚೀಟಿ, ವಿಮೆಯ ಕಾಗದ, ಜಮೀನಿನ ದಾಖಲೆಗಳನ್ನು ‘ಆರೋಗ್ಯ’, ‘ದಾಖಲೆ’ ಎಂಬ ಹೆಸರಿನ ಆಲ್ಬಮ್‌ಗಳಿಗೆ ಬೇರ್ಪಡಿಸಿರಿ. ಅನಂತರ ಅತ್ಯಂತ ಹಳೆಯದರಿಂದ ಆರಂಭಿಸಿರಿ, ಏಕೆಂದರೆ ಹಳೆಯದನ್ನು ಬಿಡುವುದು ಸುಲಭ. ಅಳಿಸಿದವು ಕೂಡಲೇ ಹೋಗುವುದಿಲ್ಲ. ಐಫೋನಿನಲ್ಲಿ ಸುಮಾರು 30 ದಿನ, ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದವು 60 ದಿನ, ಆಗದವು 30 ದಿನ ಕಸದ ಬುಟ್ಟಿಯಲ್ಲಿರುತ್ತವೆ. ತಪ್ಪಿ ಅಳಿಸಿದ್ದನ್ನು ಅಲ್ಲಿಂದ ಮರಳಿ ಪಡೆಯಬಹುದು. ಜಾಗ ಪೂರ್ತಿ ತೆರವಾಗಬೇಕಾದರೆ ಆ ಬುಟ್ಟಿಯನ್ನೂ ಬರಿದು ಮಾಡಬೇಕು. ಒಂದು ಎಚ್ಚರಿಕೆ: ಗೂಗಲ್ ಫೋಟೋಸ್‌ನಲ್ಲಿ ಬ್ಯಾಕಪ್ ಆದ ಚಿತ್ರವನ್ನು ಅಳಿಸಿದರೆ ಆನ್‌ಲೈನ್ ಪ್ರತಿಯೂ ಹೋಗುತ್ತದೆ. ವಾಟ್ಸಾಪಿನ ಸೆಟ್ಟಿಂಗ್ಸ್‌ನಲ್ಲಿ ‘ಸ್ಟೋರೇಜ್ ಮತ್ತು ಡೇಟಾ’ ವಿಭಾಗವನ್ನು ತೆರೆದರೆ 5 ಎಂಬಿಗಿಂತ ದೊಡ್ಡವು, ಅನೇಕ ಬಾರಿ ಫಾರ್ವರ್ಡ್ ಆದವು ಬೇರೆಬೇರೆಯಾಗಿ ಕಾಣುತ್ತವೆ, ಅವನ್ನೂ ತೆಗೆಯಬಹುದು.

ಬ್ಯಾಂಕಿನ ಪಾಸ್‌ವರ್ಡ್, ಎಟಿಎಂ ಕಾರ್ಡು, ಆಧಾರ್ ಇವುಗಳ ಚಿತ್ರಗಳನ್ನು ಮೊದಲು ಅಳಿಸಿರಿ. ಗ್ಯಾಲರಿಯ ಚಿತ್ರಗಳಲ್ಲಿರುವ ಅಕ್ಷರಗಳನ್ನು ಓದಿ ಗುಪ್ತಪದಗಳನ್ನು ಕದಿಯುವ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶವು ಅಧಿಕೃತ ಆಪ್ ಮಳಿಗೆಗಳ ಕೆಲವು ಆಪ್‌ಗಳಲ್ಲಿಯೂ ಅಡಗಿದ್ದುದನ್ನು ಕ್ಯಾಸ್ಪರ್‌ಸ್ಕಿ ಸಂಸ್ಥೆಯ ತಜ್ಞರು 2025ರ ಫೆಬ್ರವರಿಯಲ್ಲಿ ಬಯಲಿಗೆಳೆದರು. ಆಧಾರ್ ಮುಂತಾದ ದಾಖಲೆಗಳಿಗೆ 2015ರಿಂದ ಸರ್ಕಾರದ ಡಿಜಿಲಾಕರ್ ಇದೆ. ಆರೋಗ್ಯದ ದಾಖಲೆಗಳನ್ನು 14 ಅಂಕಿಗಳ ಆಭಾ ಸಂಖ್ಯೆಗೆ ಜೋಡಿಸಿಕೊಳ್ಳುವ ವ್ಯವಸ್ಥೆಯೂ ಇದೆ. ಇವೆಲ್ಲ ಇದ್ದರೂ ಕಾಗದದ ಒಂದು ಫೈಲು ಮನೆಯಲ್ಲಿರಲಿ ಎಂಬುದು ನಮ್ಮ ಆಗ್ರಹ. ಸದ್ಯ ನಡೆಯುತ್ತಿರುವ ಮಾತ್ರೆಗಳ ಹೆಸರು, ಪ್ರಮಾಣ, ಒಗ್ಗದ ಔಷಧ, ರಕ್ತದ ಗುಂಪು, ಮನೆಯವರ ದೂರವಾಣಿ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಅದರ ಮೇಲ್ಭಾಗದಲ್ಲಿಡಿ. ಬ್ಯಾಟರಿ ಮುಗಿದರೂ ಆ ಹಾಳೆ ಮಾತನಾಡುತ್ತದೆ.

ಈ ಕೆಲಸವನ್ನು ಹಿರಿಯರು ಒಬ್ಬರೇ ಮಾಡಬೇಕಾಗಿಲ್ಲ. ಮೊಮ್ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿರಿ. ಅವರಿಗೆ ಮೊಬೈಲಿನ ಬಳಕೆ ಗೊತ್ತು, ಯಾವುದು ಬೇಕು ಯಾವುದು ಬೇಡ ಎಂಬುದು ನಿಮಗೆ ಗೊತ್ತು. ಮನೆಯ ಹಿರಿಯರಿಗೆ ಯಾವ ಕಾಯಿಲೆಯಿದೆ, ಯಾವ ಮಾತ್ರೆ ನಡೆಯುತ್ತಿದೆ ಎಂಬುದೂ ಆ ನೆಪದಲ್ಲಿ ಮಕ್ಕಳಿಗೆ ತಿಳಿಯುತ್ತದೆ. ತಿಂಗಳಿಗೊಮ್ಮೆ ಕಾಲು ಗಂಟೆ ಸಾಕು. ಯಾವ ದಿನವೆಂದು ನಿಶ್ಚಯಿಸಲಾಗದವರು ಈ ಮಾಸಪತ್ರಿಕೆ ಮನೆಗೆ ಬಂದ ದಿನವನ್ನೇ ಇಟ್ಟುಕೊಳ್ಳಲಿ. ಮುಂದಿನ ಬಾರಿ ವೈದ್ಯರು ಹಳೆಯ ವರದಿಯನ್ನು ಕೇಳಿದಾಗ ಅದು ಮೊದಲ ಸ್ಪರ್ಶಕ್ಕೇ ಸಿಕ್ಕಿದರೆ ಈ ಬರಹ ಸಾರ್ಥಕ.